ಮೆಚ್ಚಿನ ಆಟವೂ ದಣಿವು ತಂದರೆ?

ಆಟ ಇರುವುದೇ ದಣಿವಾರಿಸಿಕೊಳ್ಳಲು. ಆಡಿದ ಮೇಲೆ ಮೈ ಸೋತರೂ ಮನಸ್ಸು ಹಗುರಾಗಬೇಕು. ಆದರೆ ಈಚೆಗೆ ಆಟ ಆಡಿಯೇ ಮನಸ್ಸು ಬಳಲಿತು ಎನ್ನುವವರನ್ನು ವೈದ್ಯರಾದ ನಾವು ಕಾಣುತ್ತಿದ್ದೇವೆ. ಅದೂ ಬಂದೂಕು ಹಿಡಿದು ಹೊಡೆದಾಡುವ ವಿಡಿಯೊ ಆಟಗಳಿಂದಲ್ಲ. ಬೀಜ ಬಿತ್ತಿ, ನೀರು ಹಾಕಿ, ಕೋಳಿ ಹಸು ಸಾಕಿ, ಸಂಜೆಗೆ ಮೀನು ಹಿಡಿಯುವ ಬೇಸಾಯದ ಆಟಗಳಿಂದ! ಒಮ್ಮೆ ತುಂಬ ಇಷ್ಟಪಟ್ಟು ಆಡಿದ್ದನ್ನು ಮತ್ತೆ ಮೊದಲಿನಿಂದ ಶುರುಮಾಡಿದಾಗ ಈ ಬಳಲಿಕೆ ಹೆಚ್ಚು.

‘ಆಟಕ್ಕೂ ಬೇಸರವೇ? ಬಿಟ್ಟರಾಯಿತು’ ಎಂದು ಮನೆಯ ಹಿರಿಯರಿಗೆ ನಗು ಬರಬಹುದು. ನಗುವ ಮುನ್ನ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. ಈ ಬೇಸರ ಬಹಳ ಸಲ ಏನೂ ಅಲ್ಲ. ಕೆಲವು ಸಲ ಮಾತ್ರ ಅದು ಬೇರೊಂದು ಕಾಯಿಲೆಯ ಮೊದಲ ಸೂಚನೆಯಾಗಿರುತ್ತದೆ. ಎರಡರ ನಡುವಿನ ವ್ಯತ್ಯಾಸ ಮನೆಯವರಿಗೆ ಗೊತ್ತಿರಬೇಕು.

ಏನಿದು ಬೇಸಾಯದ ಆಟ?

ಇಂಥ ಆಟಗಳಲ್ಲಿ ಮೊದಲು ಹೆಸರಾದದ್ದು 1996ರಲ್ಲಿ ಜಪಾನಿನಲ್ಲಿ ಬಂದ ‘ಹಾರ್ವೆಸ್ಟ್ ಮೂನ್’. ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ಸೇರಿದ ಯಾಸುಹಿರೋ ವಾಡಾ ಎಂಬವರು ಊರಿನ ನೆನಪಿನಲ್ಲಿ ಅದನ್ನು ರೂಪಿಸಿದರು. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ ‘ಫಾರ್ಮ್‌ವಿಲ್’ ನಮ್ಮಲ್ಲೂ ಅನೇಕ ಮನೆಗಳನ್ನು ಹೊಕ್ಕಿತ್ತು. 2020ರ ಡಿಸೆಂಬರ್ 31ರಂದು ಅದು ನಿಂತಿತು. ಈಗಿನ ಯುವಕ ಯುವತಿಯರ ಬಾಯಲ್ಲಿರುವುದು ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕುಳಿತು ತಯಾರಿಸಿ 2016ರಲ್ಲಿ ಹೊರತಂದ ಆಟ ಇದು. ಮೊಬೈಲ್ ಫೋನಿನಲ್ಲೂ ಆಡಬಹುದು.

ಅದರ ಕಥೆ ಕೇಳಿ. ದೊಡ್ಡ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬೇಸತ್ತ ನೌಕರ, ತಾತ ಕೊಟ್ಟುಹೋದ ಕಾಗದವನ್ನು ಒಡೆದು ಓದುತ್ತಾನೆ. ತಾತನ ಪಾಳುಬಿದ್ದ ಜಮೀನು ಅವನದಾಗುತ್ತದೆ. ಕೆಲಸ ಬಿಟ್ಟು ಹಳ್ಳಿಗೆ ಹೋಗುತ್ತಾನೆ. ಅಂದರೆ ಕಥೆ ಆರಂಭವಾಗುವುದೇ ದುಡಿಮೆಯ ಬಳಲಿಕೆಯಿಂದ.

ಆಟದ ಒಂದು ದಿನ ಬೆಳಗಿನ 6ಕ್ಕೆ ಶುರುವಾಗಿ ರಾತ್ರಿ 2ಕ್ಕೆ ಮುಗಿಯುತ್ತದೆ. ನಮ್ಮ ಗಡಿಯಾರದಲ್ಲಿ ಅದು ಸುಮಾರು 14 ನಿಮಿಷ. ಒಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕು ಋತು. ಮೂರನೆಯ ವರ್ಷದ ಆರಂಭದಲ್ಲಿ ತಾತನ ಆತ್ಮ ಬಂದು ಮೊಮ್ಮಗನ ಸಾಧನೆಯನ್ನು ಅಳೆಯುತ್ತದೆ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 112 ದಿನ, ದಿನಕ್ಕೆ 14 ನಿಮಿಷ. ಪ್ರತಿದಿನವನ್ನೂ ಪೂರ್ತಿ ಆಡಿದರೆ ಎರಡು ವರ್ಷಕ್ಕೆ 50 ಗಂಟೆ ದಾಟುತ್ತದೆ. ಇದು ಒಂದು ವಾರದ ಆಫೀಸು ಕೆಲಸಕ್ಕಿಂತ ಹೆಚ್ಚು!

ಎರಡನೆಯ ಸಲ ಏಕೆ ರುಚಿಸದು?

ಮೊದಲ ಕಾರಣ ನಮ್ಮ ಮಿದುಳಿನಲ್ಲೇ ಇದೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು 1990ರ ದಶಕದಲ್ಲಿ ಹೆಸರಾದವು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಸಿಕ್ಕಾಗ ಮಿದುಳಿನ ಡೋಪಮಿನ್ ಜೀವಕೋಶಗಳು ಚುರುಕಾಗುತ್ತಿದ್ದವು. ದೀಪ ಹತ್ತಿದ ಕೂಡಲೇ ರಸ ಬರುತ್ತದೆಂದು ಕೋತಿ ಕಲಿತ ಮೇಲೆ, ದೀಪ ಕಂಡಾಗ ಅವು ಚುರುಕಾದವೇ ಹೊರತು ರಸ ಸಿಕ್ಕಾಗ ಅಲ್ಲ. ಮೊದಲೇ ಗೊತ್ತಿರುವ ಬಹುಮಾನಕ್ಕೆ ಮಿದುಳು ಹಿಗ್ಗುವುದಿಲ್ಲ. ಮೊದಲ ಸಲ ಆಡುವಾಗ ಯಾವ ಬೀಜ ಯಾವಾಗ ಫಲ ಕೊಡುತ್ತದೆ, ಗಣಿಯ ಕೆಳಗೇನಿದೆ, ಊರಿನವರಲ್ಲಿ ಯಾರ ಮನಸ್ಸು ಎಂಥದು ಎಂಬುದೊಂದೂ ತಿಳಿದಿರುವುದಿಲ್ಲ. ಎರಡನೆಯ ಸಲ ಎಲ್ಲವೂ ಗೊತ್ತು. ಉಳಿಯುವುದು ದುಡಿಮೆ ಮಾತ್ರ.

ಎರಡನೆಯದು ಲೆಕ್ಕಾಚಾರ. ಗೊತ್ತಿದ್ದವನು ಸುಮ್ಮನಿರಲಾರ. ಯಾವ ಬೆಳೆಗೆ ಲಾಭ ಹೆಚ್ಚು, ಎಷ್ಟು ಗಿಡಕ್ಕೆ ಎಷ್ಟು ನೀರು, ಯಾವ ದಿನ ಯಾರ ಹುಟ್ಟುಹಬ್ಬ, ಎಲ್ಲಕ್ಕೂ ಪಟ್ಟಿ ಮಾಡುತ್ತಾನೆ. ಒಂದು ದಿನ ವ್ಯರ್ಥವಾದರೂ ಮನಸ್ಸಿಗೆ ಕಸಿವಿಸಿ. ಆಫೀಸು ಬಿಟ್ಟು ಹೊಲಕ್ಕೆ ಹೋದವನು ಹೊಲವನ್ನೇ ಆಫೀಸು ಮಾಡಿಕೊಂಡಂತಾಯಿತು.

ಹೀಗೆ ಲೆಕ್ಕ ಹೊಕ್ಕಾಗ ಸಂತೋಷ ಹೊರಗೆ ಹೋಗುವುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಬಳಿಕ ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ್ದ ಮಕ್ಕಳಿಗೆ ಚಿತ್ರದ ಮೇಲಿನ ಆಸಕ್ತಿ ಉಳಿದವರಿಗಿಂತ ಕುಗ್ಗಿತ್ತು. ಇಷ್ಟದ ಕೆಲಸ ಸಂಬಳದ ಕೆಲಸವಾಗಿತ್ತು.

ಮೂರನೆಯದು ಹೋಲಿಕೆ. ಹಳೆಯ ಜಮೀನಿನಲ್ಲಿ ದನದ ಕೊಟ್ಟಿಗೆ, ಹಣ್ಣಿನ ತೋಟ, ತಾನೇ ನೀರು ಚಿಮ್ಮುವ ಸಾಧನ ಎಲ್ಲ ಇತ್ತು. ಹೊಸದರಲ್ಲಿ ಕಲ್ಲು, ಕಳೆ, ಮೊಂಡು ಕೊಡಲಿ. ಶುರುವಿನಲ್ಲಿ ಮೈಯ ಕಸುವೂ ಕಡಿಮೆ. ಹಿಂದಿನ ವೈಭವ ನೆನಪಿದ್ದವನಿಗೆ ಈಗಿನ ನಾಲ್ಕು ಪಾತಿ ಸಪ್ಪೆ ಎನಿಸುವುದು ಸಹಜ.

ನಮ್ಮ ಅನ್ನಪೂರ್ಣೇಶ್ವರಿ ನಗರದ ತರುಣನೊಬ್ಬ ತಲೆನೋವು, ಕಣ್ಣುರಿ, ಬಲ ಮಣಿಕಟ್ಟಿನ ನೋವು ಎಂದು ಬಂದಿದ್ದ. ದಿನವೂ ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆ ಹೋಗಿಬರುವವನು. ಮನೆ ಸೇರುವಾಗ ರಾತ್ರಿ ಎಂಟೂವರೆ. ಊಟ ಮಾಡಿ ಆಟಕ್ಕೆ ಕುಳಿತರೆ ಒಂದು ಗಂಟೆ ರಾತ್ರಿ. ಅದು ಅವನ ಮೂರನೆಯ ಜಮೀನು. “ಮೊದಲಿನ ಖುಷಿ ಇಲ್ಲ ಡಾಕ್ಟ್ರೇ, ಆದ್ರೆ ಶುರುಮಾಡಿದ್ದೀನಲ್ಲ, ಮುಗಿಸ್ಬೇಕು ಅನ್ಸುತ್ತೆ” ಎಂದ. ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಿತ್ತು. ನಿದ್ದೆ ಮಾತ್ರ ಐದು ಗಂಟೆಯೂ ಇರಲಿಲ್ಲ. ದಿನವಿಡೀ ಪರದೆ ನೋಡಿ ದಣಿದವನು ದಣಿವಾರಿಸಿಕೊಳ್ಳಲು ಮತ್ತೆ ಪರದೆಯ ಮುಂದೆ ದುಡಿಯುತ್ತಿದ್ದ. ಅವನಿಗೆ ಬೇಕಿದ್ದುದು ಮಾತ್ರೆಯಲ್ಲ, ನಿದ್ದೆ.

ಇದು ಕಾಯಿಲೆಯೇ?

ದುಡಿಮೆಯಿಂದ ಬರುವ ಬಳಲಿಕೆಯನ್ನು ‘ಬರ್ನ್‌ಔಟ್’ ಎಂದು 1974ರಲ್ಲಿ ವಿವರಿಸಿದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ (ಐಸಿಡಿ-11) ಅದಕ್ಕೆ ಮೂರು ಲಕ್ಷಣ ಹೇಳುತ್ತದೆ: ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದ ಬಗ್ಗೆ ದೂರಭಾವ ಅಥವಾ ಸಿನಿಕತನ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ. ಆ ಪಟ್ಟಿಯ ಪ್ರಕಾರ ಇದು ಕಾಯಿಲೆಯಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ಒಂದು ಸ್ಥಿತಿ ಅಷ್ಟೆ. ಹಾಗಾಗಿ ಆಟದ ಬೇಸರಕ್ಕೆ ಈ ಹೆಸರನ್ನು ಶಾಸ್ತ್ರೀಯವಾಗಿ ಅಂಟಿಸಲಾಗದು. ಆದರೂ ಲಕ್ಷಣಗಳ ಹೋಲಿಕೆ ಸ್ಪಷ್ಟ.

ಅದೇ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’, ಅಂದರೆ ಆಟದ ಚಟ, ಒಂದು ಕಾಯಿಲೆಯಾಗಿ ಸೇರಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಊಟ ಓದು ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಕೆಡುಕಾದರೂ ಬಿಡದಿರುವುದು ಅದರ ಲಕ್ಷಣ. ಸಾಮಾನ್ಯವಾಗಿ ಒಂದು ವರ್ಷ ಕಾಲ ಕಂಡರೆ ಕಾಯಿಲೆ ಎನ್ನುತ್ತಾರೆ. ಬೇಸರ ಬಂದು ಆಟ ಬಿಟ್ಟವರಿಗೆ ಇದರ ಭಯ ಬೇಡ. ಬೇಸರ ಬಂದರೂ ಬಿಡಲಾಗದವರು ಮಾತ್ರ ಎಚ್ಚರ ವಹಿಸಬೇಕು. ನಮ್ಮ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥವರಿಗಾಗಿ 2014ರಲ್ಲಿ ‘ಷಟ್’ ಎಂಬ ಪ್ರತ್ಯೇಕ ಚಿಕಿತ್ಸಾ ವಿಭಾಗ ಆರಂಭವಾಯಿತು.

ಬೇಸರ ಎಲ್ಲಿಯವರೆಗೆ ಹಬ್ಬಿದೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳನ್ನು ಸುಸ್ತೆಂದು ತಾಯಿ ಕರೆತಂದಿದ್ದರು. ಮಾತಿನ ಮಧ್ಯೆ ತಾಯಿ, “ಮೊದ್ಲು ಯಾವಾಗ್ಲೂ ಆ ಹೊಲದ ಆಟಾನೇ. ಈಗ ಮುಟ್ಟೋದೇ ಇಲ್ಲ. ಅದೊಂದು ಒಳ್ಳೇದಾಯ್ತು ಡಾಕ್ಟ್ರೇ” ಎಂದರು. ಕೇಳುತ್ತ ಹೋದರೆ ಹುಡುಗಿ ಬಿಟ್ಟಿದ್ದುದು ಆಟವೊಂದನ್ನೇ ಅಲ್ಲ. ಗೆಳತಿಯರ ಜೊತೆ ಮಾತು ಬಿಟ್ಟಿದ್ದಳು. ಇಷ್ಟದ ಮಸಾಲೆದೋಸೆಯೂ ಸೇರುತ್ತಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತೂ ಬಂದಿತು. ಅದು ಖಿನ್ನತೆ. ಜೊತೆಗೆ ಹಿಮೊಗ್ಲೋಬಿನ್ 8 ಗ್ರಾಂಗೆ ಇಳಿದಿತ್ತು. ಹೆಂಗಸರಿಗೆ 12 ಆದರೂ ಇರಬೇಕು. ರಕ್ತಹೀನತೆಗೂ ಖಿನ್ನತೆಗೂ ಚಿಕಿತ್ಸೆಯಾದ ಮೇಲೆ ಕೆಲವು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು. ಆಟ ಬಿಟ್ಟಳೆಂದು ಮನೆಯವರು ಸಂತೋಷಪಟ್ಟು ಸುಮ್ಮನಿದ್ದಿದ್ದರೆ?

ಆದ್ದರಿಂದ ಹೀಗೆ ಪರೀಕ್ಷಿಸಿಕೊಳ್ಳಿ. ಬೇಸರ ಆ ಒಂದು ಆಟದ ಮೇಲೆ ಮಾತ್ರವೇ? ಸಿನಿಮಾ, ಹಾಡು, ಗೆಳೆಯರು, ರುಚಿಯಾದ ಊಟ ಮೊದಲಿನಂತೆ ಹಿಡಿಸುತ್ತಿವೆಯೇ? ಹಾಗಿದ್ದರೆ ಚಿಂತೆ ಬೇಡ. ಯಾವುದರಲ್ಲೂ ಆಸಕ್ತಿಯಿಲ್ಲ, ದಿನದ ಹೆಚ್ಚು ಹೊತ್ತು ಮನಸ್ಸು ಮಂಕು, ಎರಡು ವಾರವಾದರೂ ಹಾಗೆಯೇ ಎಂದಾದರೆ ವೈದ್ಯರನ್ನು ಕಾಣಿ. ಹಿಮೊಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ಸಕ್ಕರೆ ಪರೀಕ್ಷೆಗಳು ಬೇಕಾಗಬಹುದು. ಬದುಕೇ ಬೇಡ ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆಟದ ಬೇಸರ ಮಾತ್ರವಿದ್ದರೆ ಏನು ಮಾಡಬೇಕು?

1. ಬೀಳು ಬಿಡಿ. ದಣಿದ ಹೊಲವನ್ನು ರೈತ ಒಂದು ಹಂಗಾಮು ಬಿತ್ತದೆ ಬಿಡುವುದುಂಟು. ಆಟವನ್ನು ಎರಡು ಮೂರು ವಾರ ಮುಟ್ಟಬೇಡಿ, ಅಳಿಸಲೂ ಬೇಡಿ. ಫಾರ್ಮ್‌ವಿಲ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಹಾಗಿಲ್ಲ. ನೀವು ಆಡದಿದ್ದಾಗ ಅಲ್ಲಿ ಕಾಲವೇ ನಿಂತಿರುತ್ತದೆ. ಹಸು ಉಪವಾಸ ಬೀಳುವುದಿಲ್ಲ.

2. ಪಟ್ಟಿ ಬದಿಗಿಡಿ. ಮತ್ತೆ ಆಡುವಾಗ ಲಾಭದ ಲೆಕ್ಕ ಬೇಡ. ತಾತನ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಯಾರೂ ಫೇಲ್ ಮಾಡುವುದಿಲ್ಲ.

3. ಅಕ್ಕಡಿ ಸಾಲು ಹಾಕಿ. ರಾಗಿ ಹೊಲದ ನಡುನಡುವೆ ಅವರೆ, ತೊಗರಿ ಬಿತ್ತುವುದು ನಮ್ಮ ಸೀಮೆಯ ಪದ್ಧತಿ. ಹಾಗೆಯೇ ಆಟದಲ್ಲೂ ಹಿಂದೆ ಮಾಡದ್ದನ್ನು ಮಾಡಿ. ಈ ಸಲ ಬರೀ ಹೂವು ಬೆಳೆಯಿರಿ. ಇಲ್ಲವೇ ಮೀನು ಹಿಡಿಯುತ್ತ ಕಾಲ ಕಳೆಯಿರಿ. ಕೂಡಿ ಆಡುವ ಸೌಲಭ್ಯ 2018ರಿಂದ ಇದೆ. ತಂಗಿಯನ್ನೋ ಗೆಳೆಯನನ್ನೋ ಸೇರಿಸಿಕೊಳ್ಳಿ. ಅವರಿಗೆ ಹೊಸದಾದದ್ದು ನಿಮಗೂ ಹೊಸದಾಗಿ ಕಾಣುತ್ತದೆ.

4. ದಿನ ಎಣಿಸಿ ಆಡಿ. ಈ ಆಟದಲ್ಲಿ ಹಾಸಿಗೆ ಸೇರಿದಾಗ ಅಂದಿನ ಕೆಲಸ ದಾಖಲಾಗುತ್ತದೆ. ಕೂಡಲೇ ಹೊಸ ಬೆಳಗು ತೆರೆಯುತ್ತದೆ. ‘ಇನ್ನೊಂದೇ ದಿನ’ ಎಂಬ ಆಸೆ ಹುಟ್ಟುವುದು ಅಲ್ಲೇ. ಕುಳಿತುಕೊಳ್ಳುವ ಮೊದಲೇ ‘ಇವತ್ತು ಮೂರು ದಿನ’ ಎಂದು ನಿಶ್ಚಯಿಸಿ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

5. ಕಣ್ಣು, ಕೈ, ನಿದ್ದೆ ನೋಡಿಕೊಳ್ಳಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಮಣಿಕಟ್ಟು ಸಡಿಲಿಸಿ, ಎದ್ದು ಓಡಾಡಿ. ಮಲಗುವ ಒಂದು ಗಂಟೆ ಮೊದಲು ಪರದೆ ಆರಿಸಿ. ದೊಡ್ಡವರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

6. ಮಣ್ಣು ಮುಟ್ಟಿ. ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ ಎಲ್ಲ ಹಿಂದೆ ಹಳ್ಳಿಗಳೇ. ಈಗ ಹೊಲ ಇಲ್ಲದಿದ್ದರೂ ಮನೆಯ ಮೇಲೆ ತಾರಸಿಯಿದೆ. ಅಗಲವಾದ ಕುಂಡದಲ್ಲಿ ಮೆಂತ್ಯ ಚೆಲ್ಲಿ. ವಾರದೊಳಗೆ ಮೊಳೆಯುತ್ತದೆ, ನಾಲ್ಕು ವಾರದಲ್ಲಿ ಸೊಪ್ಪು ಕೈಗೆ ಬರುತ್ತದೆ. ಆಟದ ಒಂದು ಋತುವೂ ಅಷ್ಟೇ ದಿನದ್ದು! ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಅಲ್ಲೇ. ಬಿಸಿಲು, ನಡಿಗೆ, ಬಗ್ಗಿ ಏಳುವ ವ್ಯಾಯಾಮ ಪರದೆಯ ಬೇಸಾಯದಲ್ಲಿ ಸಿಗುವುದಿಲ್ಲ.

ಮನೆಯವರಿಗೆ

ಮಗ ಅಥವಾ ಮಗಳು ‘ಆಟವೂ ಬೇಜಾರು’ ಎಂದಾಗ ‘ನಾನು ಮೊದಲೇ ಹೇಳಿರಲಿಲ್ಲವೇ’ ಎನ್ನಬೇಡಿ. ಅವರು ತಮ್ಮ ಮನಸ್ಸಿನ ವಿಷಯ ನಿಮ್ಮೊಡನೆ ಹೇಳುತ್ತಿದ್ದಾರೆ. ಆ ಬಾಗಿಲು ಮುಚ್ಚಬೇಡಿ. ‘ಯಾವ ಬೆಳೆ ಹಾಕಿದ್ದೆ? ಏಕೆ ಬೇಜಾರಾಯಿತು?’ ಎಂದು ಕೇಳಿ. ಹೊಲ ಗದ್ದೆ ಕಂಡ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಮಾತಿಗೆ ಸೇರಿಸಿ. ಆ ಮಾತುಕತೆಯಲ್ಲೇ ಊಟ, ನಿದ್ದೆ, ಗೆಳೆಯರು, ಓದು ಹೇಗಿದೆ ಎಂಬುದೂ ತಿಳಿದುಬರುತ್ತದೆ. ಎಲ್ಲ ಸರಿಯಿದ್ದರೆ ಕೆಲವು ವಾರದ ಬಿಡುವೇ ಸಾಕು. ಸರಿಯಿಲ್ಲವೆನಿಸಿದರೆ ತಡಮಾಡದೆ ನಿಮ್ಮ ಕುಟುಂಬದ ವೈದ್ಯರ ಬಳಿ ಕರೆದುಕೊಂಡು ಹೋಗಿ.