ಗುರ್ಗಿ ಅರಳದ ವರ್ಷವೂ ಗಿರಿ ಹತ್ತಿ

ಆಗಸ್ಟ್ ಬಂತೆಂದರೆ ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ಬರುವ ಫೋನ್‌ಗಳಲ್ಲಿ ಒಂದೇ ಪ್ರಶ್ನೆ: ‘ಈ ಸಲ ಕುರಿಂಜಿ ಇದೆಯಾ?’ 2021ರಲ್ಲಿ ಕೊಡಗಿನ ಮಾಂದಲಪಟ್ಟಿ, 2022ರಲ್ಲಿ ನಮ್ಮ ಚಂದ್ರದ್ರೋಣ ಗಿರಿಶ್ರೇಣಿ ನೀಲಿಯಾದಾಗಿನಿಂದ ಈ ಹುಚ್ಚು ಹೆಚ್ಚಿದೆ. ಇಲ್ಲಿ ಗುರ್ಗಿ ಎಂದೂ ಕರೆಯುವ ಈ ಗಿಡ ಒಂದೇ ಜಾತಿಯದಲ್ಲ. ಪಶ್ಚಿಮ ಘಟ್ಟದಲ್ಲಿ ಹತ್ತಾರು ಪ್ರಭೇದಗಳಿವೆ. ಮುನ್ನಾರಿನ ನೀಲಕುರಿಂಜಿಗೆ ಹನ್ನೆರಡು ವರ್ಷ, ಕೆಲವಕ್ಕೆ ಏಳು, ಇನ್ನು ಕೆಲವಕ್ಕೆ ಪ್ರತಿ ವರ್ಷವೂ ಹೂವಿನ ಕಾಲ. ಸರದಿ ಕಾಯುವ ಗಿಡ ಒಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಸತ್ತೇ ಹೋಗುತ್ತದೆ. ಸೆಲ್ಫಿಗೆಂದು ಗೊಂಚಲು ಮುರಿದವರು ಮುಂದಿನ ಸರದಿಯ ಬೀಜವನ್ನೇ ಮುರಿದಂತೆ.

ಹಾಗಾಗಿ ಗುರ್ಗಿಯನ್ನೇ ನೆಚ್ಚಿಕೊಂಡು ರಜೆ ಹಾಕಬೇಡಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಯಾವ ವರ್ಷ ಬಂದರೂ ಗುಡ್ಡ ಬರಿದಾಗಿರುವುದಿಲ್ಲ. ನೋಡುವವರು ಬಗ್ಗಬೇಕು, ಅಷ್ಟೆ. ನೀರು ಜಿನುಗುವ ಹಾಸುಬಂಡೆಯ ಪಾಚಿಯ ಮೇಲೆ ಬೆರಳುದ್ದದ ಕಡ್ಡಿಗೆ ಅಂಟಿದ ನೇರಳೆ ಹೂ ಕಂಡರೆ ಅದು ಯುಟ್ರಿಕ್ಯುಲೇರಿಯಾ. ಬೇರಿಲ್ಲದ ಈ ಗಿಡ ಒದ್ದೆ ಮಣ್ಣಿನಲ್ಲಿ ಹುದುಗಿಸಿಟ್ಟ ಸಣ್ಣ ಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಹೀರುತ್ತದೆ. ಪಕ್ಕದಲ್ಲೇ ಡ್ರೊಸೆರಾ ಇರಬಹುದು: ಎಲೆಯ ಕೆಂಪು ಕೂದಲಿನ ತುದಿಯಲ್ಲಿ ಮಿನುಗುವುದು ಇಬ್ಬನಿಯಲ್ಲ, ನೊಣ ಹಿಡಿಯುವ ಅಂಟು. ಬಂಡೆಯ ಮೇಲಿನ ಬಡ ಮಣ್ಣಿನಲ್ಲಿ ಸಾರಜನಕ ಸಾಲದ್ದಕ್ಕೆ ಎರಡೂ ಮಾಡಿಕೊಂಡ ಉಪಾಯವಿದು. ದಾರಿಯಂಚಿನ ಒದ್ದೆ ದರೆಗಳಲ್ಲಿ ಕರ್ಣಕುಂಡಲದ ಕಾಡುಜಾತಿಗಳು ಗುಲಾಬಿ ಬಣ್ಣದಲ್ಲಿ ನಿಂತಿರುತ್ತವೆ. ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ.

ಇದಕ್ಕೆಲ್ಲ ಸುಲಭದ ಜಾಗ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ದತ್ತಪೀಠದ ಸಾಲು. ವಾಹನಗಳ ನೋಂದಣಿ, ಮಿತಿಯ ನಿಯಮ ಆಗಾಗ ಬದಲಾಗುತ್ತಿರುತ್ತದೆ. ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಶನಿವಾರ, ಭಾನುವಾರ ಬಿಟ್ಟೇ ಬನ್ನಿ. ಬೆಳಿಗ್ಗೆ ಬೇಗ ಕೈಮರ ಚೆಕ್‌ಪೋಸ್ಟ್ ದಾಟಿದರೆ ಮಂಜು ಕವಿದರೂ ಬಿಡುವವರೆಗೆ ಕಾಯಲು ಹೊತ್ತಿರುತ್ತದೆ. ದೇವೀರಮ್ಮನ ಬೆಟ್ಟವನ್ನು ಈ ಪಟ್ಟಿಗೆ ಸೇರಿಸಬೇಡಿ, ಅದು ದೀಪಾವಳಿಯ ಭಕ್ತರದ್ದು. ಕೆಮ್ಮಣ್ಣುಗುಂಡಿಯ ತೋಟಗಾರಿಕೆ ಇಲಾಖೆಯ ಗುಲಾಬಿ ಚೆನ್ನ, ಆದರೆ ಕಾಡುಹೂವಿಗೆ ಝಡ್ ಪಾಯಿಂಟ್ ಕಡೆ ನಡೆಯಿರಿ.

ಮೂಡಿಗೆರೆ ಕಡೆ ಉಳಿದರೆ ದೇವರಮನೆ ಗುಡ್ಡ ಅರ್ಧ ದಿನಕ್ಕೆ ಸಾಕು. ಬೈರಾಪುರದ ಎತ್ತಿನಭುಜಕ್ಕೆ ಕಡಿದಾದ ಏರಿದೆ. ಮಳೆಯಲ್ಲಿ ಕೊನೆಯ ಬಂಡೆ ಜಾರುತ್ತದೆ, ಧೈರ್ಯ ತೋರಿಸಬೇಕಾದ ಜಾಗವಲ್ಲ.

ಕಳಸಕ್ಕೆ ಬಂದವರಿಗೆ ಕುದುರೆಮುಖ, 1,894 ಮೀಟರ್. ರಾಷ್ಟ್ರೀಯ ಉದ್ಯಾನವಾದ್ದರಿಂದ ಅರಣ್ಯ ಇಲಾಖೆಯ ಆನ್‌ಲೈನ್ ಅನುಮತಿ, ಗೈಡ್ ಎರಡೂ ಬೇಕು. ದಿನಕ್ಕೆ ಬಿಡುವ ಜನರಿಗೂ ಮಿತಿಯಿದೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುವುದೂ ಉಂಟು. ಸಂಸೆಯಲ್ಲಿ ಉಳಿದು, ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಹತ್ತಬೇಕು; ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಶೋಲಾ ಕಾಡು ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ ನಿಧಾನಿಸಿ, ಹೂಗಳು ಹೆಚ್ಚು ಸಿಗುವುದು ಅಲ್ಲೇ. ಇಂಬಳಕ್ಕೆ ಉಪ್ಪಿನ ಗಂಟು ಇಟ್ಟುಕೊಳ್ಳಿ.

ಮಳೆಗಾಲ ಒಗ್ಗದವರು ಮೇ ಕೊನೆ, ಜೂನ್ ಆರಂಭಕ್ಕೆ ಬರಬಹುದು. ಕಾಫಿ ತೋಟದ ನೆರಳುಮರಗಳ ಕೊಂಬೆಯಿಂದ ಸೀತಾಳೆ ದಂಡೆ ಜಡೆಯಂತೆ ಇಳಿಬಿದ್ದಿರುತ್ತದೆ. ತೋಟದವರನ್ನು ಕೇಳಿಯೇ ಬೇಲಿ ದಾಟಿ.