ಕಬ್ಬಿನ ಗದ್ದೆಯ ಕಾಡುಬೆಕ್ಕು

ನೀಳ ಕಾಲು, ಗಿಡ್ಡ ಬಾಲ, ಕಿವಿಯ ತುದಿಯಲ್ಲಿ ಚಿಕ್ಕ ಕಪ್ಪು ಕುಚ್ಚು – ಇವು ಕಾಡುಬೆಕ್ಕಿನ ಗುರುತುಗಳು. ಹೆಸರು ಕಾಡಿನದಾದರೂ ವಾಸ ಹೆಚ್ಚಾಗಿ ಜೊಂಡು, ಹುಲ್ಲು, ಪೊದೆಗಳಲ್ಲಿ. ಅಂಥದೇ ಮರೆ ಸಿಗುವುದರಿಂದ ಕಬ್ಬಿನ ಗದ್ದೆಗೂ ಹೊಂದಿಕೊಂಡಿದೆ.

ಇಲಿಯ ಸದ್ದನ್ನು ಕಿವಿಯಿಂದಲೇ ಗುರುತಿಸಿ, ಮೆಲ್ಲಗೆ ಸಮೀಪಿಸಿ, ಒಮ್ಮೆಲೇ ನೆಗೆದು ಹಿಡಿಯುತ್ತದೆ. ದಿನಕ್ಕೆ 3ರಿಂದ 5 ಇಲಿಗಳನ್ನು ತಿನ್ನುತ್ತದೆಂದು ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನ ಅಂದಾಜು ಮಾಡಿದೆ.

ಕೋಳಿ ಕದಿಯುತ್ತದೆಂದು ಇದನ್ನು ಕೊಲ್ಲುವವರುಂಟು. ಇದರಿಂದ ರೈತನಿಗೇ ನಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ರಾತ್ರಿ ಕೋಳಿಗೂಡನ್ನು ಭದ್ರವಾಗಿ ಮುಚ್ಚಬೇಕು. ವಿಷ ತಿಂದು ಸತ್ತ ಇಲಿಗಳನ್ನು ಆರಿಸಿ ಹೂಳಬೇಕು. ಕಟಾವಿನಲ್ಲಿ ಮರಿಗಳು ಕಂಡರೆ ಮನೆಗೆ ತರದೆ, ಅಲ್ಲಿಯೇ ಸ್ವಲ್ಪ ಕಬ್ಬು ಉಳಿಸಿ ದೂರ ಸರಿಯಬೇಕು. ಸಾಮಾನ್ಯವಾಗಿ ಕತ್ತಲಾದ ಮೇಲೆ ತಾಯಿ ಬಂದು ಅವನ್ನು ಒಯ್ಯುತ್ತದೆ.