ಉಸಿರು ನಿಂತ ಪ್ರಾಣಿಗೆ ತುರ್ತು ಪುನಶ್ಚೇತನ: ಪಶುವೈದ್ಯರು ಬರುವವರೆಗಿನ ಕ್ರಮ

ಹಸುವಿನ ಹೆರಿಗೆ ಕಷ್ಟವಾಗಿ, ನಾಲ್ಕಾರು ಜನ ಸೇರಿ ಎಳೆದ ಮೇಲೆ ಕರು ಹೊರಬರುತ್ತದೆ. ಆದರೆ ಕಾಲಾಡಿಸುವುದಿಲ್ಲ, ಉಸಿರೂ ಇಲ್ಲ. ಶಿವಮೊಗ್ಗ ಮತ್ತು ಭದ್ರಾವತಿ ಸುತ್ತಲಿನ ಹಳ್ಳಿಗಳಲ್ಲಿ ಇಂತಹ ಹೊತ್ತಿನಲ್ಲಿ ರೂಢಿಯಲ್ಲಿರುವ ಮೊದಲ ಉಪಾಯವೆಂದರೆ ಕರುವಿನ ಹಿಂಗಾಲು ಹಿಡಿದು ತಲೆಕೆಳಗಾಗಿ ತೂಗುಹಾಕುವುದು. ಮೂಗು, ಬಾಯಿಗಳಿಂದ ನೀರು ಸುರಿಯುವುದನ್ನು ಕಂಡು ಶ್ವಾಸಕೋಶ ಸ್ವಚ್ಛವಾಯಿತೆಂದು ಮನೆಯವರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ದ್ರವದ ಬಹುಭಾಗ ಹೊಟ್ಟೆಯಿಂದ ಬಂದದ್ದು. ಕರುಳು, ಜಠರಗಳ ಭಾರವೆಲ್ಲ ವಪೆಯ ಮೇಲೆ ಬಿದ್ದು, ಮೊದಲ ಉಸಿರೆಳೆಯಬೇಕಾದ ಶ್ವಾಸಕೋಶವೇ ಅದುಮಿಹೋಗುತ್ತದೆ. ಸದುದ್ದೇಶದಿಂದಲೇ ಅಮೂಲ್ಯವಾದ ಒಂದೆರಡು ನಿಮಿಷ ಕಳೆದುಹೋಗುತ್ತವೆ.

ಹೃದಯ-ಶ್ವಾಸಕೋಶ ಪುನಶ್ಚೇತನ, ಅಂದರೆ ಸಿಪಿಆರ್, ಎಂದೊಡನೆ ಎದೆ ಒತ್ತುವ ಚಿತ್ರವೇ ಕಣ್ಣಮುಂದೆ ಬರುತ್ತದೆ. ನವಜಾತ ಕರುವಿನ ಸಂಗತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಹೃದಯ ಬಡಿಯುತ್ತಲೇ ಇರುತ್ತದೆ. ಉಸಿರಾಟ ಆರಂಭವಾಗದಿರುವುದೇ ತೊಂದರೆ. ಆದುದರಿಂದ ಎಡ ಮುಂಗಾಲಿನ ಮೊಣಕೈಯ ಹಿಂದೆ ಅಂಗೈಯಿಟ್ಟು ಮೊದಲು ಬಡಿತ ನೋಡಬೇಕು. ಬಡಿತವಿದ್ದರೆ ಎದೆ ಒತ್ತುವ ಅಗತ್ಯವಿಲ್ಲ, ಉಸಿರನ್ನು ಎಬ್ಬಿಸಬೇಕು. ಮೂಗು, ಬಾಯಿಗಳ ಲೋಳೆಯನ್ನು ಬೆರಳಿನಿಂದ ತೆಗೆದು, ಕರುವನ್ನು ಎದೆಯ ಮೇಲೆ ಕೂರಿಸಿ, ಹಿಂಗಾಲುಗಳನ್ನು ಕಪ್ಪೆಯಂತೆ ಎರಡೂ ಬದಿಗೆ ಮುಂದಕ್ಕೆ ಮಡಚಿಡಬೇಕು. ಈ ಭಂಗಿಯಲ್ಲಿ ಎರಡೂ ಶ್ವಾಸಕೋಶಗಳು ಸಮನಾಗಿ ಅರಳುತ್ತವೆ. ಬಳಿಕ ಸ್ವಚ್ಛವಾದ ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸುವುದು, ತಲೆ ಮತ್ತು ಕಿವಿಯ ಮೇಲೆ ತಣ್ಣೀರು ಸುರಿಯುವುದು, ಒಣ ಗೋಣಿಚೀಲದಿಂದ ಮೈಯನ್ನು ಬಿರುಸಾಗಿ ಉಜ್ಜುವುದು. ಸೀನು ಬಂದರೆ ಅರ್ಧ ಗೆದ್ದಂತೆ.

ಇಷ್ಟಾದರೂ ಉಸಿರು ಬಾರದಿದ್ದರೆ ಗಾಳಿ ಊದಬೇಕಾಗುತ್ತದೆ. ಇದನ್ನು ಮುಖವಾಡವಿರುವ ಕೈಪಂಪಿನಿಂದ ಮಾಡಬೇಕೇ ಹೊರತು ಸ್ವಂತ ಬಾಯಿಯಿಂದಲ್ಲ. ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ರೋಗಾಣುಗಳು ಹೆರಿಗೆಯ ದ್ರವ ಹಾಗೂ ಸತ್ತೆಯ ಮೂಲಕ ಮನುಷ್ಯರಿಗೆ ಅಂಟುತ್ತವೆ. ಆ ಜ್ವರ ಮತ್ತು ಕೀಲುನೋವು ತಿಂಗಳುಗಟ್ಟಲೆ ಕಾಡಬಲ್ಲದು. ಹೆರಿಗೆಗೆ ಕೈಹಾಕುವವರು, ವಿಶೇಷವಾಗಿ ಪಶುಸಖಿಯರು, ಕೈಗವಸು ತೊಡುವುದು ಕಡ್ಡಾಯವೆಂದೇ ತಿಳಿಯಬೇಕು.

ನಾಯಿ, ಬೆಕ್ಕುಗಳಿಗೆ ಸಂಬಂಧಿಸಿದಂತೆ ರಿಕವರ್ ಎಂಬ ಅಂತರರಾಷ್ಟ್ರೀಯ ತಜ್ಞರ ಉಪಕ್ರಮವು 2012ರಲ್ಲಿ ಮಾರ್ಗಸೂಚಿ ಪ್ರಕಟಿಸಿ, 2024ರಲ್ಲಿ ಪರಿಷ್ಕರಿಸಿದೆ. ಪ್ರಜ್ಞೆಯಿಲ್ಲದ, ಉಸಿರಾಡದ ಪ್ರಾಣಿಯ ನಾಡಿ ಹುಡುಕುತ್ತ ಕೂರದೆ ಕೂಡಲೇ ಒತ್ತಲಾರಂಭಿಸಬೇಕು. ಪಕ್ಕಕ್ಕೆ ಮಲಗಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳಕ್ಕೆ ಒತ್ತಿ, ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಒತ್ತುವವರ ಕೈ ಬೇಗ ಸೋಲುವುದರಿಂದ 2 ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಆಸ್ಪತ್ರೆಯಲ್ಲಾದರೆ ನಳಿಕೆಯ ಮೂಲಕ ನಿಮಿಷಕ್ಕೆ 10 ಉಸಿರು ಕೊಡಲಾಗುತ್ತದೆ, ಅಡ್ರಿನಲಿನ್ ಮುಂತಾದ ಔಷಧಗಳೂ ಇರುತ್ತವೆ. ಬೀದಿನಾಯಿಯ ಮೂತಿಗೆ ಬಾಯಿಯಿಟ್ಟು ಊದುವುದು ರೇಬೀಸ್‌ನ ಕಾರಣದಿಂದ ಸರ್ವಥಾ ಸಲ್ಲದು. ಎದೆ ಒತ್ತುವುದಷ್ಟೇ ಸಾಕು, ಅದೂ ಪ್ರಾಣಿಯ ಜೊಲ್ಲು ತಾಕದಂತೆ. ಇಷ್ಟು ಮಾಡಿದರೂ ಆಸ್ಪತ್ರೆಯೊಳಗೇ ಹೃದಯ ನಿಂತ ನಾಯಿ, ಬೆಕ್ಕುಗಳಲ್ಲಿ ಬದುಕಿ ಮನೆಗೆ ಮರಳುವವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅರಿವಳಿಕೆಯ ವೇಳೆ ನಿಂತ ಹೃದಯಕ್ಕೆ ಮಾತ್ರ ಅವಕಾಶ ಸಾಕಷ್ಟು ಹೆಚ್ಚು.

ಬೆಳೆದ ಹಸು, ಎಮ್ಮೆಗಳ ಎದೆಯನ್ನು ಕೈಯಿಂದ ಒತ್ತಿ ರಕ್ತ ಹರಿಸುವುದು ಬಹುತೇಕ ಆಗದ ಕೆಲಸ. ಅಲ್ಲಿ ಸಾವನ್ನು ತಡೆಯುವುದಷ್ಟೇ ಉಳಿದ ದಾರಿ. ಮಳೆಗಾಲದಲ್ಲಿ ಹರಿದುಬಿದ್ದ ವಿದ್ಯುತ್ ತಂತಿಯೇ ಇದಕ್ಕೆ ತಕ್ಕ ಉದಾಹರಣೆ. ತಂತಿ ಬಿದ್ದ ಜಾಗದಿಂದ ದೂರ ಸರಿದಂತೆ ನೆಲದಲ್ಲಿ ವಿದ್ಯುತ್ ಒತ್ತಡ ಇಳಿಯುತ್ತ ಹೋಗುತ್ತದೆ. ಹಸುವಿನ ಮುಂಗಾಲು, ಹಿಂಗಾಲುಗಳ ನಡುವಿನ ಅಂತರ ಮನುಷ್ಯನ ಹೆಜ್ಜೆಗಿಂತ ದೊಡ್ಡದಾದುದರಿಂದ ಆ ಎರಡು ಬಿಂದುಗಳ ಒತ್ತಡದ ವ್ಯತ್ಯಾಸವೂ ದೊಡ್ಡದು, ಪ್ರವಾಹ ಹರಿಯುವುದೂ ಹೃದಯದ ಮೂಲಕವೇ. ತಂತಿಯನ್ನು ಮುಟ್ಟದೆಯೂ ಹಸು ಸಾಯುವುದು ಹೀಗೆ. ಅದನ್ನು ಉಳಿಸಲು ಧಾವಿಸಿದವರು ಜೊತೆಯಲ್ಲೇ ಪ್ರಾಣ ಕಳೆದುಕೊಳ್ಳುವ ಅಪಾಯವಿದೆ. ಮೆಸ್ಕಾಂ ಸಹಾಯವಾಣಿ 1912ಕ್ಕೆ ಕರೆಮಾಡಿ, ವಿದ್ಯುತ್ ಕಡಿತವಾದದ್ದು ಖಚಿತವಾಗುವವರೆಗೆ ಯಾರೂ ಹತ್ತಿರ ಸುಳಿಯಬಾರದು, ಹಗ್ಗವನ್ನೂ ಎಳೆಯಬಾರದು.

ಸಂಚಾರಿ ಪಶುಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆಮಾಡಬಹುದು. ಶಿವಮೊಗ್ಗ ನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಆದರೆ ಆಮ್ಲಜನಕವಿಲ್ಲದೆ ಮಿದುಳು ತಡೆದುಕೊಳ್ಳುವುದು ಕೆಲವೇ ನಿಮಿಷ; ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ಈ ಲೆಕ್ಕದಲ್ಲಿ ಯಾವ ವಾಹನವೂ ಸಮಯಕ್ಕೆ ತಲುಪದು. ಆದುದರಿಂದ ಒಬ್ಬರು ಕರೆಮಾಡುತ್ತಿರುವಾಗಲೇ ಇನ್ನೊಬ್ಬರು ಕರುವಿನ ಬಳಿ ಕೆಲಸ ಆರಂಭಿಸಿರಬೇಕು. ಕರೆಯಲ್ಲಿ ಊರು, ಹತ್ತಿರದ ಗುರುತು, ಹೆರಿಗೆಯಾದ ಹೊತ್ತು, ಹೃದಯ ಬಡಿತವಿದೆಯೇ ಎಂಬುದನ್ನು ತಿಳಿಸಿ, ಮಾರ್ಗದಲ್ಲಿರುವ ವೈದ್ಯರ ಸೂಚನೆಗಾಗಿ ದೂರವಾಣಿಯನ್ನು ಬಿಡುವಾಗಿ ಇಟ್ಟುಕೊಳ್ಳಬೇಕು. ಹಾಲು ಉತ್ಪಾದಕರ ಸಹಕಾರ ಸಂಘದ ಗೋಡೆ ದಿನಕ್ಕೆರಡು ಬಾರಿ ಎಲ್ಲ ಹೈನುಗಾರರೂ ನೋಡುವ ಸ್ಥಳ. ಎರಡೂ ಸಂಖ್ಯೆಗಳನ್ನು ಅಲ್ಲಿ ಬರೆಸುವುದು ಸೂಕ್ತ.